ಆಫ್ರಿಕಾ ದಾಟಿದ ಸೈಕಲ್: ಸಿದ್ಧತೆ ಎಂದರೆ ಯಾವುದು?

ಸೈಕಲ್ ಮೇಲೆ ಆಫ್ರಿಕಾ ಸುತ್ತಲು ಹೊರಡುವವರು ಮೊದಲು ಒಂದು ಪಟ್ಟಿ ಬರೆದುಕೊಳ್ಳುತ್ತಾರೆ. ಬಿಡಿ ಟ್ಯೂಬು, ಪಂಕ್ಚರ್ ಸಾಮಾನು, ಚೈನು, ಸೊಳ್ಳೆಪರದೆ, ಮಲೇರಿಯಾ ಮಾತ್ರೆ, ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ, ಒಂದೊಂದು ದೇಶಕ್ಕೂ ವೀಸಾ. ಕೈರೋದಿಂದ ಕೇಪ್‌ಟೌನ್‌ವರೆಗಿನ ಸುಮಾರು 12 ಸಾವಿರ ಕಿಲೋಮೀಟರನ್ನು ನಾಲ್ಕು ತಿಂಗಳಲ್ಲಿ ಮುಗಿಸುವ ಸಾಮೂಹಿಕ ಯಾತ್ರೆಯೊಂದು 2003ರಲ್ಲಿ ಶುರುವಾಯಿತು. ಅದರಲ್ಲಿ ಸವಾರರ ಸಾಮಾನು ಹೊರಲು ವಾಹನವೂ ಜೊತೆಗಿರುತ್ತದೆ. ಆದರೆ ಇಂಥ ಪ್ರಯಾಣಕ್ಕೆ ನಿಜವಾಗಿ ಬೇಕಾದ ಸಿದ್ಧತೆ ಯಾವುದು ಎಂದು ತಿಳಿಯಲು 1931ರ ಪೋಲೆಂಡಿಗೆ ಹೋಗಬೇಕು.

ಕಾಜಿಮೆಶ್ ನೊವಾಕ್ ಹುಟ್ಟಿದ್ದು 1897ರಲ್ಲಿ, ಈಗ ಉಕ್ರೇನಿಗೆ ಸೇರಿರುವ ಸ್ಟ್ರಿ ಎಂಬ ಊರಿನಲ್ಲಿ. ಮೊದಲ ಮಹಾಯುದ್ಧದ ನಂತರ ಪೊಜ್ನಾನ್ ನಗರದಲ್ಲಿ ನೆಲೆಸಿ, ವಿಮಾ ಸಂಸ್ಥೆಯೊಂದರಲ್ಲಿ ಗುಮಾಸ್ತನಾದ. ಹೆಂಡತಿ ಮಾರಿಯಾ, ಇಬ್ಬರು ಮಕ್ಕಳು. ದೇಶದ ಆರ್ಥಿಕ ಸ್ಥಿತಿ ಕೆಟ್ಟಾಗ ಕೆಲಸ ಹೋಯಿತು. ಕೈಯಲ್ಲಿ ಉಳಿದದ್ದು ಸೈಕಲ್, ಕ್ಯಾಮೆರಾ ಮತ್ತು ಬರೆಯುವ ಅಭ್ಯಾಸ. 1925ರಿಂದಲೇ ಆತ ಯುರೋಪಿನ ಹಲವು ದೇಶಗಳನ್ನು ಸೈಕಲ್ ಮೇಲೆ ಸುತ್ತಿ ಪತ್ರಿಕೆಗಳಿಗೆ ವರದಿ ಕಳಿಸುತ್ತಿದ್ದ. ಒಮ್ಮೆ ಉತ್ತರ ಆಫ್ರಿಕಾದ ಲಿಬಿಯಾವರೆಗೂ ಹೋಗಿ, ಆರೋಗ್ಯ ಕೈಕೊಟ್ಟು ಹಿಂದಿರುಗಿದ್ದ.

ಹೀಗೆ ಆಫ್ರಿಕಾ ಪ್ರಯಾಣದ ಮೊದಲ ಸಿದ್ಧತೆ ಅಂಗಡಿಯಲ್ಲಿ ನಡೆದದ್ದಲ್ಲ, ರಸ್ತೆಯಲ್ಲಿ ನಡೆದದ್ದು. ಎರಡನೆಯದು ಮನೆಯೊಳಗಿನ ಏರ್ಪಾಡು. ನೊವಾಕ್ ದಾರಿಯುದ್ದಕ್ಕೂ ಪತ್ರ ಮತ್ತು ಛಾಯಾಚಿತ್ರ ಕಳಿಸಬೇಕು. ಅವು ಪತ್ರಿಕೆಗಳಲ್ಲಿ ಅಚ್ಚಾಗಬೇಕು. ಆ ಸಂಭಾವನೆಯಿಂದ ಪೊಜ್ನಾನ್‌ನಲ್ಲಿ ಒಲೆ ಉರಿಯಬೇಕು. ಗಂಡ ಖಂಡ ಸುತ್ತುತ್ತಿದ್ದ ಐದು ವರ್ಷ ಸಂಸಾರ ನಡೆಸಿದವಳು ಮಾರಿಯಾ. ಅವಳಿಲ್ಲದಿದ್ದರೆ ಈ ಸಾಹಸವೇ ಇರುತ್ತಿರಲಿಲ್ಲ.

1931ರ ನವೆಂಬರ್ 4ರಂದು ಆತ ಪೊಜ್ನಾನ್‌ನಿಂದ ಹೊರಟ. ಆ ಕಾಲದ ಔಷಧಿಯ ಚೀಲ ಬಹಳ ಹಗುರವಾಗಿತ್ತು. ಹಳದಿ ಜ್ವರ ತಡೆಯಲು ಇಂದು ಲೋಕವೆಲ್ಲ ಬಳಸುವ ಲಸಿಕೆ ಸಿದ್ಧವಾದದ್ದು 1937ರಲ್ಲಿ. ಮಲೇರಿಯಾಕ್ಕೆ ಹೆಸರಾದ ಕ್ಲೋರೋಕ್ವಿನ್ ಜನರಿಗೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಬಳಿಕ. ಅಲ್ಲಿಯವರೆಗೆ ಮುಖ್ಯ ಆಸರೆ ಸಿಂಕೋನಾ ತೊಗಟೆಯ ಕ್ವಿನೈನ್. ಮಲೇರಿಯಾ ನೊವಾಕ್‌ನನ್ನು ಮತ್ತೆ ಮತ್ತೆ ಕಾಡಿತು.

ನಕ್ಷೆಯ ಮೇಲೆ ಎಳೆದ ಗೆರೆಯೂ ನಿಲ್ಲಲಿಲ್ಲ. ಲಿಬಿಯಾದಿಂದ ನೇರ ದಕ್ಷಿಣಕ್ಕೆ ಸಹಾರಾದೊಳಗೆ ಇಳಿಯಲು ಆಗ ಅಲ್ಲಿ ಆಳುತ್ತಿದ್ದ ಇಟಲಿಯ ಅಧಿಕಾರಿಗಳು ಬಿಡಲಿಲ್ಲ. ಆತ ಪೂರ್ವಕ್ಕೆ ತಿರುಗಿ, ಕರಾವಳಿ ಹಿಡಿದು ಈಜಿಪ್ಟಿಗೆ ಬಂದು, ನೈಲ್ ನದಿಯ ಜಾಡಿನಲ್ಲಿ ಸುಡಾನ್ ಸೇರಿದ. ಅಲ್ಲಿಂದ ಉಗಾಂಡಾ, ಕಾಂಗೋ, ರೊಡೇಷಿಯಾಗಳನ್ನು ದಾಟಿ 1934ರ ಏಪ್ರಿಲ್‌ನಲ್ಲಿ ಖಂಡದ ದಕ್ಷಿಣದ ತುದಿಯಾದ ಅಗುಲ್ಹಾಸ್ ಭೂಶಿರ ಮುಟ್ಟಿದ.

ಬೇರೆ ಯಾರಾದರೂ ಅಲ್ಲಿಂದ ಹಡಗು ಹತ್ತುತ್ತಿದ್ದರು. ನೊವಾಕ್ ಬೇರೊಂದು ದಾರಿ ಹಿಡಿದು ಮತ್ತೆ ಉತ್ತರಕ್ಕೆ ಹೊರಟ. ಸವೆದ ಸೈಕಲ್ ಇನ್ನು ನಡೆಯದೆಂದಾಗ ಕುದುರೆ ಏರಿದ. ಕಾಂಗೋ ಪ್ರದೇಶದ ನದಿಗಳಲ್ಲಿ ದೋಣಿ ನಡೆಸಿದ. ಸಹಾರಾವನ್ನು ಒಂಟೆಯೊಂದಿಗೆ ದಾಟಿದ. ಎಷ್ಟೋ ದೂರ ಕಾಲ್ನಡಿಗೆಯಲ್ಲೇ ಸಾಗಿದ. 1936ರ ನವೆಂಬರಿನಲ್ಲಿ ಅಲ್ಜೀರ್ಸ್ ತಲುಪಿದಾಗ ಒಟ್ಟು ಸುಮಾರು 40 ಸಾವಿರ ಕಿಲೋಮೀಟರ್ ಆಗಿತ್ತು. ದಾರಿಯಲ್ಲಿ ಕಂಡ ವಸಾಹತು ಆಡಳಿತದ ಕ್ರೌರ್ಯವನ್ನು ಆತ ಬರಹದಲ್ಲಿ ಖಂಡಿಸಿದ. ಕೋವಿ, ಕೂಲಿಗಳ ಸಾಲು ಇಲ್ಲದೆ ಒಬ್ಬಂಟಿಯಾಗಿ ಹೋದವನಿಗೆ ಹಳ್ಳಿಯ ಜನರ ನೀರು, ಆಹಾರ, ಆಶ್ರಯಗಳೇ ಗತಿ. ಅವರನ್ನು ಮನುಷ್ಯರಾಗಿ ಕಾಣಲು ಈ ಅವಲಂಬನೆಯೂ ಒಂದು ಕಾರಣವಾಗಿದ್ದಿರಬೇಕು.

ಸಿದ್ಧತೆಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿದದ್ದು ದೇಹ. ಐದು ವರ್ಷದ ಜ್ವರ, ದಣಿವುಗಳಿಂದ ಸೊರಗಿ ಊರಿಗೆ ಮರಳಿದ ನೊವಾಕ್ ವರ್ಷ ತುಂಬುವ ಮೊದಲೇ, 1937ರ ಅಕ್ಟೋಬರ್ 13ರಂದು, ನ್ಯುಮೋನಿಯಾದಿಂದ ತೀರಿಕೊಂಡ. ಆಗ ವಯಸ್ಸು ನಲವತ್ತು. ಸಂಸಾರ ಸಾಕಲೆಂದು ಹೊರಟ ಪ್ರಯಾಣವೇ ಸಂಸಾರದ ಆಧಾರವನ್ನು ಕಿತ್ತುಕೊಂಡಿತು.

ಎರಡು ವರ್ಷದಲ್ಲಿ ಮತ್ತೊಂದು ಯುದ್ಧ ಬಂತು. ಜನ ಆತನನ್ನು ಬಹುಮಟ್ಟಿಗೆ ಮರೆತರು. ಪತ್ರಿಕೆಗಳಲ್ಲಿ ಚದುರಿದ್ದ ಬರಹಗಳು ಪುಸ್ತಕವಾಗಿ ಬಂದದ್ದು 2000ದಲ್ಲಿ. 2006ರಲ್ಲಿ ಪೊಜ್ನಾನ್ ರೈಲು ನಿಲ್ದಾಣದಲ್ಲಿ ಸ್ಮಾರಕ ಫಲಕವನ್ನು ಅನಾವರಣ ಮಾಡಿದವರು, ಆಫ್ರಿಕಾ ಕುರಿತ ಬರಹಗಳಿಗೆ ಹೆಸರಾದ ಪತ್ರಕರ್ತ ರಿಷಾರ್ಡ್ ಕಪುಶ್ಚಿನ್‌ಸ್ಕಿ. 2009ರಿಂದ 2011ರವರೆಗೆ ಪೋಲೆಂಡಿನ ಸೈಕಲ್ ಸವಾರರು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾರಿ ಒಪ್ಪಿಸುತ್ತ ಆತನ ಜಾಡಿನಲ್ಲಿ ಸಾಗಿದರು.

ಟ್ಯೂಬು, ಮಾತ್ರೆ, ವೀಸಾಗಳಿಗೆ ಇಂದು ಅಂಗಡಿ ಉಂಟು, ಕಚೇರಿ ಉಂಟು. ಹೋಗುವವನ ಮನೆಯ ಹೊರೆ ಯಾರ ಹೆಗಲಿಗೆ ಎಂಬ ಸಾಲು ಮಾತ್ರ ಈಗಲೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಹೊರಡುವವನೇ ಬರೆದುಕೊಳ್ಳಬೇಕು.