ಅಪ್ಪ, ಅವನ ನಂತರ ಅಮ್ಮ

ಕಳೆದ ವರ್ಷ ಟರ್ಮ್ ಇನ್ಶೂರೆನ್ಸ್ ಮಾಡಿಸಲು ಕೂತಿದ್ದೆ. ಆನ್‌ಲೈನ್ ಫಾರ್ಮಿನ ನಾಲ್ಕನೆಯ ಪುಟದಲ್ಲಿ ಒಂದು ಪ್ರಶ್ನೆ ಬಂತು: ಈ ಪಾಲಿಸಿಯನ್ನು ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರ ಅಡಿ ಪಡೆಯುತ್ತೀರಾ? ಹೌದು, ಇಲ್ಲ. ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಫಾರ್ಮಿನಲ್ಲಿ ಅರ್ಥವಾಗದ ಪ್ರಶ್ನೆ ಕಂಡರೆ, ಯಾರೋ ಎಂದೋ ಪಟ್ಟ ಕಷ್ಟಕ್ಕಾಗಿಯೇ ಅದು ಅಲ್ಲಿ ಬಂದಿರುತ್ತದೆ ಎನ್ನುವುದು ಅನುಭವದ ಮಾತು. ಹೆಂಡತಿ ಹಿಂದೆ ನಿಂತು ಓದಿದಳು. ಅವಳ ಪ್ರಶ್ನೆ ಬೇರೆಯೇ ಇತ್ತು. "ರೊಕ್ಕದ್ದು ಆತು. ನಾವಿಬ್ರೂ ಒಮ್ಮೆಲೇ ಹೋದ್ವಿ ಅಂದ್ರ ಹುಡುಗ್ರು ಯಾರ ಹತ್ರ ಇರಬೇಕ್ರೀ?"

ಮಕ್ಕಳಿಗೆ ಒಂಬತ್ತು ಮತ್ತು ಐದು. ಇರುವುದು ಪುಣೆಯಲ್ಲಿ. ನನ್ನ ಬಳಿ ಉತ್ತರವಿರಲಿಲ್ಲ. ಫಾರ್ಮನ್ನು ಅರ್ಧಕ್ಕೇ ಬಿಟ್ಟು, ಎರಡೂ ಪ್ರಶ್ನೆಗಳ ಮೂಲ ಹುಡುಕುತ್ತಾ ಹೋದೆ.

ಮೊದಲು ರೊಕ್ಕದ ಕಥೆ. ಗಂಡ ಸಾಲ ಮಾಡಿ ಸತ್ತರೆ ಅವನ ವಿಮೆಯ ಹಣವೂ ಸಾಲಗಾರರ ಪಾಲಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1870ರಲ್ಲಿ ಇದಕ್ಕೊಂದು ತಡೆ ಹಾಕಿದರು. ನಾಲ್ಕು ವರ್ಷದ ನಂತರ ಅದು ಬ್ರಿಟಿಷ್ ಇಂಡಿಯಾಕ್ಕೂ ಬಂತು. ಕಾಯ್ದೆಯ 6ನೆಯ ಕಲಮಿನ ಸಾರ ಇಷ್ಟು: ಮದುವೆಯಾದ ಗಂಡಸು ತನ್ನ ಜೀವದ ಮೇಲೆ ಪಾಲಿಸಿ ತೆಗೆದು, ಅದು ಹೆಂಡತಿ ಮಕ್ಕಳಿಗಾಗಿ ಎಂದು ಪಾಲಿಸಿಯ ಮೇಲೆಯೇ ಬರೆಸಿದರೆ ಅದೊಂದು ಟ್ರಸ್ಟ್ ಆಗುತ್ತದೆ. ಆ ಹಣ ಅವನ ಆಸ್ತಿಯಲ್ಲಿ ಸೇರುವುದಿಲ್ಲ, ಅವನ ಸಾಲಗಾರರಿಗೆ ಸಿಗುವುದಿಲ್ಲ. ಮನಸ್ಸು ಬದಲಾಯಿತೆಂದು ಅವನೂ ಮುಟ್ಟುವಂತಿಲ್ಲ. ಟ್ರಸ್ಟಿಯ ಹೆಸರು ಬರೆಯದಿದ್ದರೆ ಹಣ ಸರ್ಕಾರದ ಅಫಿಶಿಯಲ್ ಟ್ರಸ್ಟಿಯ ಕೈಗೆ ಹೋಗುತ್ತದೆ. ಫಾರ್ಮಿನಲ್ಲಿ ಟ್ರಸ್ಟಿಯ ಹೆಸರು ಕೇಳುವುದು ಅದಕ್ಕೇ.

ಆದರೆ ಆ ಕಾಯ್ದೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರನ್ನು ಆರಂಭದಲ್ಲೇ ಹೊರಗಿಟ್ಟಿತ್ತು. ಹಾಗಿದ್ದರೂ 6ನೆಯ ಕಲಮಿನಲ್ಲಿ 'ಮದುವೆಯಾದ ಯಾವುದೇ ಗಂಡಸು' ಎಂದಿತ್ತು. ಹಿಂದೂ ಗಂಡಸು ಇದರಲ್ಲಿ ಸೇರುತ್ತಾನೋ ಇಲ್ಲವೋ? ಸೇರುತ್ತಾನೆ ಎಂದು ಮದ್ರಾಸ್ ಹೈಕೋರ್ಟು 1913ರಲ್ಲಿ ಹೇಳಿತು. ಗೊಂದಲ ಪೂರ್ತಿ ತೀರಿದ್ದು 1923ರ ತಿದ್ದುಪಡಿಯಿಂದ. ಅದರ ಪ್ರಕಾರ ಮದ್ರಾಸ್ ಪ್ರಾಂತದಲ್ಲಿ 1913ರ ಡಿಸೆಂಬರ್ 31ರ ನಂತರ ತೆಗೆದ ಪಾಲಿಸಿಗಳಿಗೆ, ಉಳಿದೆಡೆ 1923ರ ಏಪ್ರಿಲ್ 1ರ ನಂತರದವುಗಳಿಗೆ ಈ ರಕ್ಷಣೆ. ಸಂಸ್ಥಾನಗಳಾಗಿದ್ದ ಪ್ರದೇಶಗಳಿಗೆ ಕಾಯ್ದೆ ವಿಸ್ತರಿಸಿದ್ದು 1959ರಲ್ಲಿ.

ಇದನ್ನು ಓದಿ ನಾನು ಒಂದು ನಕ್ಷೆ ತೆಗೆದು ಕೂತೆ. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ದವು, ಅಲ್ಲಿ 1913. ನಮ್ಮ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ, 1923. ಹಳೆಯ ಮೈಸೂರು, ನಿಜಾಮರ ಕಲಬುರಗಿ, 1959. ಏಕೀಕರಣವಾಗಿ ಮೂರು ವರ್ಷ ಕಳೆದ ಮೇಲೂ ಈ ಒಂದು ವಿಷಯದಲ್ಲಿ ಕನ್ನಡ ನಾಡು ಮೂರು ತುಂಡಾಗಿಯೇ ಇತ್ತು.

ಇನ್ನು ಹೆಂಡತಿಯ ಪ್ರಶ್ನೆ. ಇದರ ಕಥೆ ಇನ್ನೂ ಉದ್ದ.

ಅಪ್ರಾಪ್ತರ ಆಸ್ತಿಯನ್ನು ರಾಜ ಕಾಯಬೇಕೆಂದು ಮನುಸ್ಮೃತಿ ಹೇಳುತ್ತದೆ. ವ್ಯವಹಾರದಲ್ಲಿ ಕಾದದ್ದು ಕೂಡುಕುಟುಂಬ. ಅಪ್ಪ ಸತ್ತರೆ ದೊಡ್ಡಪ್ಪ, ಕಾಕಾ, ಅಜ್ಜ ಇರುತ್ತಿದ್ದರು. ಅವರು ಕಾದರೋ ಕಬಳಿಸಿದರೋ ಎನ್ನುವುದು ಆಯಾ ಮನೆಯ ಕಥೆ. 'ಪಾಲಕ' ಎಂದು ಕಾಗದದಲ್ಲಿ ಬರೆಯುವ ಅಗತ್ಯ ಹೆಚ್ಚಿನವರಿಗೆ ಬರಲಿಲ್ಲ.

ಬರೆಯುವ ಅಧಿಕಾರ ಇದ್ದದ್ದು ಅಪ್ಪನಿಗೆ ಮಾತ್ರ. ಇಂಗ್ಲೆಂಡಿನಲ್ಲಿ 1660ರ ಕಾನೂನು ತಂದೆಗೆ ಉಯಿಲಿನ ಮೂಲಕ ಪಾಲಕನನ್ನು ನೇಮಿಸುವ ಹಕ್ಕು ಕೊಟ್ಟಿತು. ತಾಯಿ ಬದುಕಿದ್ದರೂ ಮಕ್ಕಳು ಆ ಪಾಲಕನ ವಶ. ಇಲ್ಲಿನ ಕೋರ್ಟುಗಳು ಹಿಂದೂ ತಂದೆಗೂ ಅಂಥದ್ದೇ ಅಧಿಕಾರ ಇದೆ ಎಂದು ಒಪ್ಪಿದವು. ಬರೀ ಬಾಯಿಮಾತಿನಲ್ಲಿ ನೇಮಿಸಿದರೂ ನಡೆಯುತ್ತಿತ್ತು. ತಾಯಿಗೆ ಆ ಅಧಿಕಾರವಿರಲಿಲ್ಲ. ಒಂಬತ್ತು ತಿಂಗಳು ಹೊತ್ತವಳನ್ನು ಗಂಡ ಸಾಯುವಾಗ ಒಂದು ವಾಕ್ಯದಲ್ಲಿ ಬದಿಗೆ ಸರಿಸಬಹುದಿತ್ತು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಮಗುವಿನ ಹಿತವನ್ನು ಕೋರ್ಟು ನೋಡಬೇಕೆಂದಿತು. ಆದರೆ ಯೋಗ್ಯನಾದ ತಂದೆ ಬದುಕಿದ್ದರೆ ಬೇರೆ ಪಾಲಕರನ್ನು ನೇಮಿಸಬಾರದೆಂಬ ಮಾತಿನಲ್ಲಿ ತಾಯಿಯ ಹೆಸರು ಸೇರಲು 2010ರ ತಿದ್ದುಪಡಿಯೇ ಬೇಕಾಯಿತು.

ಹಾಗೆಂದು ಅಪ್ಪನ ಅಧಿಕಾರಕ್ಕೂ ಮಿತಿ ಇತ್ತು. ಅದು ಗೊತ್ತಾಗಿದ್ದು ಚೆನ್ನೈನ ಅಡ್ಯಾರಿನಿಂದ ಹೊರಟ ಒಂದು ಪ್ರಕರಣದಲ್ಲಿ. ಥಿಯೊಸಾಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನಾರಾಯಣಯ್ಯನವರು ತಾಯಿಯಿಲ್ಲದ ತಮ್ಮ ಇಬ್ಬರು ಮಕ್ಕಳನ್ನು 1910ರಲ್ಲಿ ಆನಿ ಬೆಸೆಂಟರ ಪಾಲನೆಗೆ ಬರೆದುಕೊಟ್ಟರು. ದೊಡ್ಡ ಹುಡುಗನೇ ಮುಂದೆ ಜಿಡ್ಡು ಕೃಷ್ಣಮೂರ್ತಿ ಎಂದು ಹೆಸರಾದವರು. ಎರಡು ವರ್ಷಕ್ಕೆ ಅಪ್ಪನ ಮನಸ್ಸು ತಿರುಗಿತು, ದಾವೆ ಹೂಡಿದರು. ಬೆಸೆಂಟ್ ಸ್ವತಃ ವಾದಿಸಿ ಮದ್ರಾಸಿನಲ್ಲಿ ಸೋತರು, 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ಗೆದ್ದರು. ಗೆದ್ದದ್ದು ದಾವೆ ಹೂಡಿದ ಕ್ರಮ ಸರಿಯಿಲ್ಲ, ಇಂಗ್ಲೆಂಡಿನಲ್ಲಿದ್ದ ಹುಡುಗರ ಮಾತನ್ನು ಯಾರೂ ಕೇಳಿಲ್ಲ ಎಂಬ ಕಾರಣಕ್ಕೆ. ತತ್ತ್ವದ ಮಟ್ಟಿಗೆ ಆ ತೀರ್ಪು ಹೇಳಿದ್ದು ಬೇರೆ: ಬದುಕಿರುವ ತಂದೆ ಪಾಲಕತ್ವವನ್ನು ಇನ್ನೊಬ್ಬರಿಗೆ ಶಾಶ್ವತವಾಗಿ ಬಿಟ್ಟುಕೊಡಲಾರ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಹುಡುಗರ ಮಾತು ಕೇಳಬೇಕಿತ್ತು ಎಂದು 1914ರಲ್ಲೇ ಒಂದು ಕೋರ್ಟು ಹೇಳಿತ್ತು ಎನ್ನುವುದೇ ನನಗೆ ಆಶ್ಚರ್ಯ.

1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ತಾಯಿಯ ಕೈಗೆ ಕೊನೆಗೂ ಪೆನ್ನು ಕೊಟ್ಟಿತು. (ಮುಸ್ಲಿಂ, ಕ್ರೈಸ್ತ, ಪಾರ್ಸಿ ಮನೆಗಳ ದಾರಿ ಬೇರೆ.) ಅದರ 9ನೆಯ ಕಲಮು ಪ್ರೋಗ್ರಾಮಿನ ಇಫ್-ಎಲ್ಸ್ ಇದ್ದ ಹಾಗಿದೆ. ಗಂಡ ಉಯಿಲಿನಲ್ಲಿ ಪಾಲಕನನ್ನು ನೇಮಿಸಿ ಮೊದಲು ಸತ್ತರೆ, ಹೆಂಡತಿ ಇರುವವರೆಗೆ ಆ ನೇಮಕ ನಡೆಯುವುದಿಲ್ಲ. ಅವಳೂ ತನ್ನ ಉಯಿಲಿನಲ್ಲಿ ಯಾರನ್ನೂ ಹೆಸರಿಸದೆ ಸತ್ತರೆ ಗಂಡನ ನೇಮಕಕ್ಕೆ ಮತ್ತೆ ಜೀವ ಬರುತ್ತದೆ. ಹೆಸರಿಸಿದ್ದರೆ ಅವಳ ಮಾತೇ ಕೊನೆ. ಗಂಡ ಹೆಂಡತಿ ಬೇರೆ ಬೇರೆ ಹೆಸರು ಬರೆದು ಒಂದೇ ಅಪಘಾತದಲ್ಲಿ ಹೋದರೆ ಏನಾಗಬಹುದು, ಯೋಚಿಸಿ. ಯಾರನ್ನೇ ಬರೆದರೂ ಮಗುವಿನ ಹಿತಕ್ಕೆ ಸರಿಬರದಿದ್ದರೆ ಕೋರ್ಟು ಅವರನ್ನು ತೆಗೆಯಬಹುದು.

ಅದೇ ಕಾಯ್ದೆಯ 6ನೆಯ ಕಲಮಿನಲ್ಲಿ ಹಳೆಯ ಮನಸ್ಸು ಉಳಿದುಕೊಂಡಿತು. ಸಹಜ ಪಾಲಕರು ಯಾರು? ತಂದೆ, ಅವನ ನಂತರ ತಾಯಿ. 1984ರಲ್ಲಿ ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಶೇಕಡಾ 9ರ ರಿಲೀಫ್ ಬಾಂಡಿಗೆ ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು. ತಾಯಿಯೇ ಪಾಲಕಿಯಾಗಿ ಸಹಿ ಮಾಡಲಿ ಎಂದು ಗಂಡನೂ ಒಪ್ಪಿದ್ದರು. ಬ್ಯಾಂಕು ಅರ್ಜಿ ವಾಪಸು ಕಳಿಸಿತು: ತಂದೆಯ ಸಹಿ ಬೇಕು, ಇಲ್ಲವೇ ಪಾಲಕತ್ವದ ಪ್ರಮಾಣಪತ್ರ ತನ್ನಿ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1999ರ ಫೆಬ್ರವರಿ 17ರಂದು ತೀರ್ಪು ಬಂತು. 'ನಂತರ' ಎಂದರೆ ಸತ್ತ ನಂತರ ಎಂದಲ್ಲ, ತಂದೆಯ ಗೈರುಹಾಜರಿಯಲ್ಲಿ ಎಂದು ಓದಬೇಕು ಎಂದಿತು ಕೋರ್ಟು. ಅವನು ಮಗುವಿನ ಕಡೆ ನೋಡದಿದ್ದರೆ, ಬೇರೆ ಕಡೆ ಇದ್ದರೆ, ಕಾಯಿಲೆಯಾಗಿದ್ದರೆ, ಇಬ್ಬರೂ ಒಪ್ಪಿಕೊಂಡಿದ್ದರೆ ತಾಯಿ ಪಾಲಕಿ. ಒಂದು ಪದದ ಅರ್ಥಕ್ಕೆ ಹದಿನೈದು ವರ್ಷ. ಪದ ಮಾತ್ರ ಕಾಯ್ದೆಯಲ್ಲಿ ಹಾಗೇ ಉಳಿಯಿತು. ಇಬ್ಬರನ್ನೂ ಸಮಾನ ಪಾಲಕರೆಂದು ಬರೆಯಿರಿ ಎಂದು 2015ರಲ್ಲಿ ಕಾನೂನು ಆಯೋಗ ಶಿಫಾರಸು ಮಾಡಿತು. ನನಗಂತೂ ಆ ತೀರ್ಪು ಅರ್ಧ ದಾರಿಯಲ್ಲಿ ನಿಂತಂತೆ ಕಾಣುತ್ತದೆ: ಅಪ್ಪ ಮನೆಯಲ್ಲೇ ಇದ್ದು, ಮಗುವಿನ ಮೇಲೆ ಅಕ್ಕರೆಯಿಂದಲೂ ಇದ್ದರೆ ಅಮ್ಮ ಇವತ್ತಿಗೂ ಎರಡನೆಯವಳೇ.

ಫಾರ್ಮಿನಲ್ಲಿ ಹೌದು ಒತ್ತಿದೆ, ಟ್ರಸ್ಟಿಯ ಜಾಗದಲ್ಲಿ ಹೆಂಡತಿಯ ಹೆಸರು. ಉಯಿಲಿಗೆ ಹೆಚ್ಚು ಸಮಯ ಹಿಡಿಯಿತು. ನನ್ನ ತಮ್ಮ ಬೇಕೋ ಅವಳ ಅಕ್ಕ ಬೇಕೋ ಎಂದು ಮೂರು ವಾರ ಮಾತಾಡಿದೆವು. ಎರಡು ರಾತ್ರಿ ಮಾತು ಬಿಟ್ಟದ್ದೂ ಉಂಟು. ಕೊನೆಗೆ ಧಾರವಾಡದಲ್ಲಿರುವ ಅವಳ ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸಿಟ್ಟಿನ ದನಿ: "ಇದನ್ನೂ ಕಾಗದದಾಗ ಬರಿಬೇಕೇನು? ನಾ ನೋಡಲಾರದ ಮತ್ಯಾರು ನೋಡ್ತಾರ?"

ಬರೆದೆವು. ಎರಡು ಉಯಿಲು, ಎರಡರಲ್ಲೂ ಅಕ್ಕನದೇ ಹೆಸರು. ಸಾಕ್ಷಿಗೆ ಎದುರು ಮನೆಯ ಮರಾಠಿ ದಂಪತಿ ಸಹಿ ಹಾಕಿದರು. ಹೋಗುವಾಗ ಆ ವಹಿನಿ, ಇಂಥದ್ದಕ್ಕೆ ಎಷ್ಟು ಪುಟ ಬೇಕಾಗುತ್ತದೆ ಎಂದು ಕೇಳಿದರು. ಅವರ ಮಗಳಿಗೆ ಆರು ವರ್ಷ.