ತಾಳೆಗರಿಯಿಂದ ಯೂನಿಕೋಡ್‌ವರೆಗೆ: ಕನ್ನಡ ಜಾಲಪುಟಗಳ ಸ್ಥಳಾಂತರದ ಇತಿಹಾಸ

ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ವನ್ನು 1000 ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡಿಗರು ಬಲ್ಲ ಸಂಗತಿ. ಅದನ್ನು ನಾವು ದಾನವೆಂದು ಕೊಂಡಾಡುತ್ತೇವೆ. ಅದು ಸಂರಕ್ಷಣೆಯೂ ಆಗಿತ್ತು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ತೀಡಿದ ಅಕ್ಷರಕ್ಕೆ ಹುಳು, ತೇವ, ಬೆಂಕಿಗಳ ಭಯವಿತ್ತು. ಗರಿ ಶಿಥಿಲವಾಗುವ ಮುನ್ನ ಲಿಪಿಕಾರನೊಬ್ಬ ಅದನ್ನು ಹೊಸ ಗರಿಗೆ ಇಳಿಸಿಕೊಳ್ಳಬೇಕಾಗಿತ್ತು. ಹಾಗೆ ಮತ್ತೆ ಮತ್ತೆ ಪ್ರತಿಯಾದುದರಿಂದಲೇ ನಮ್ಮ ಹಳೆಯ ಕಾವ್ಯಗಳು ಇಂದಿಗೂ ಉಳಿದಿವೆ.

ಮುದ್ರಣ ಬಂದಾಗಲೂ ಇಂತಹದೇ ಸ್ಥಳಾಂತರ ನಡೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಗರಿಯಾಗಲಿ ಕಾಗದವಾಗಲಿ, ಲಿಪಿ ಬಲ್ಲವರು ನೇರವಾಗಿ ಓದಬಹುದಿತ್ತು. ಗಣಕದ ಕಡತ ಹಾಗಲ್ಲ. ಅದರೊಳಗಿರುವುದು ಅಂಕೆಗಳು. ಯಾವ ಅಂಕೆಗೆ ಯಾವ ಅಕ್ಷರ ಎಂಬ ಒಪ್ಪಂದ ಮರೆತುಹೋದರೆ, ಕಡತ ಒಂದಿಷ್ಟೂ ಹಾಳಾಗದೆ ಇದ್ದರೂ ಓದಿಗೆ ದಕ್ಕದು.

1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತ ಪದ್ಧತಿಯಲ್ಲಿ ಇದ್ದುದು 128 ಸ್ಥಾನಗಳು. ಮುಂದೆ ಎಂಟು ಬಿಟ್‌ಗಳ ಬಳಕೆಯಿಂದ ಅವು 256 ಆದವು. ಅವೆಲ್ಲವೂ ರೋಮನ್ ಲಿಪಿಗೂ ಅದರ ಸಂಬಂಧಿಕ ಚಿಹ್ನೆಗಳಿಗೂ ಮೀಸಲಾಗಿದ್ದವು. ಕನ್ನಡದ ತಂತ್ರಜ್ಞರು ಹೂಡಿದ ಉಪಾಯ ಜಾಣತನದ್ದು: ರೋಮನ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದರು. 1996ರಲ್ಲಿ ಯು. ಬಿ. ಪವನಜ ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಜಾಲತಾಣವೆಂದು ಹೆಸರು ಪಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಮನೆಮನೆಗೆ ತಲುಪಿಸಿತು. ಕಡಲಾಚೆಯ ಕನ್ನಡಿಗರು ತಮ್ಮ ಸಂಘಗಳ ಆಹ್ವಾನಪತ್ರಿಕೆ, ವಾರ್ತಾಪತ್ರ, ಸ್ಮರಣ ಸಂಚಿಕೆಗಳನ್ನು ಸ್ವತಃ ಅಕ್ಷರ ಜೋಡಿಸಿ ಪ್ರಕಟಿಸಲು ಸಾಧ್ಯವಾದುದು ಈ ತಂತ್ರಾಂಶಗಳಿಂದ. ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಆ ಕಡತಗಳಲ್ಲಿ ಉಳಿದುದು ಅಕ್ಷರವಲ್ಲ, ಅಕ್ಷರದ ಆಕಾರ. ನುಡಿಯ ಹಳೆಯ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ 7 ಸಂಕೇತಗಳು ಬೇಕು. ‘ಕ’ದ ಒಡಲಿಗೆ ಒಂದು, ಅದರ ತಲೆಕಟ್ಟಿಗೆ ಇನ್ನೊಂದು. ಒಡಲು ಕುಳಿತಿರುವುದು ಇಂಗ್ಲಿಷಿನ ‘ಪಿ’ ಅಕ್ಷರದ ಜಾಗದಲ್ಲಿ. ಆ ಫಾಂಟ್ ಇಲ್ಲದ ಗಣಕದಲ್ಲಿ ಪುಟವನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೋಜಲು. ಅದರಲ್ಲಿ ಒಂದು ಹೆಸರನ್ನು ಹುಡುಕಲಾಗದು. ಪದಗಳನ್ನು ಅಕಾರಾದಿಯಾಗಿ ಜೋಡಿಸಲಾಗದು.

ಪರಿಹಾರ ಸಿದ್ಧವಾಗಿ ಕಾಯುತ್ತಿತ್ತು. 1991ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿತ್ತು. ಅದರ ವಿನ್ಯಾಸಕ್ಕೆ ಭಾರತದ 1988ರ ಇಸ್ಕಿ ಪದ್ಧತಿಯೇ ಆಧಾರ. ಇಲ್ಲಿ ಕಡತದಲ್ಲಿ ಉಳಿಯುವುದು ಅಕ್ಷರ ಮಾತ್ರ. ಆಕಾರವನ್ನು ಫಾಂಟ್ ಪರದೆಯ ಮೇಲೆ ಕಟ್ಟಿಕೊಡುತ್ತದೆ. ‘ಕನ್ನಡ’ಕ್ಕೆ 5 ಸಂಕೇತಗಳು ಸಾಕು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನು ಜೊತೆಗೇ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅಲ್ಲಿಂದಾಚೆಗೆ ಹೊಸ ಬರವಣಿಗೆ ಕ್ರಮೇಣ ಯೂನಿಕೋಡಿನತ್ತ ಸಾಗಿತು. ಹಳೆಯದು ಮಾತ್ರ ಇದ್ದಲ್ಲಿಯೇ ಉಳಿಯಿತು.

ಅದನ್ನು ಸಾಗಿಸುವುದು ಬರಿಯ ಯಂತ್ರದ ಕೆಲಸವಲ್ಲ. ಅರ್ಕಾವತ್ತನ್ನೇ ನೋಡಿ. ‘ಧರ್ಮ’ ಎಂದು ಬರೆಯುವಾಗ ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ‘ಮ’ಕಾರದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ‘ರ’ಕಾರ ಮೊದಲು, ‘ಮ’ಕಾರ ಅನಂತರ, ಉಚ್ಚಾರಣೆಯ ಕ್ರಮದಲ್ಲಿ. ಪರಿವರ್ತಕ ತಂತ್ರಾಂಶ ಈ ಸ್ಥಾನಪಲ್ಲಟವನ್ನು ಮಾಡಬಲ್ಲದು. ಆದರೆ ವಾಕ್ಯದ ನಡುವೆ ಇಂಗ್ಲಿಷಿನಲ್ಲಿದ್ದ ಊರಿನ ಹೆಸರನ್ನೋ ವಿಳಾಸವನ್ನೋ ಅದು ಕನ್ನಡವೆಂದೇ ಬಗೆದು ಕೆಡಿಸಬಹುದು. ಆದ್ದರಿಂದ ಕನ್ನಡ ಬಲ್ಲ ಕಣ್ಣೊಂದು ಪ್ರತಿ ಪುಟವನ್ನೂ ತಿದ್ದಬೇಕು. ಪುಟದ ಹಳೆಯ ವಿಳಾಸವೂ ಬದಲಾಗದಂತೆ ನೋಡಿಕೊಳ್ಳಬೇಕು. ಮಾಡುವವರು ಬಿಡುವಿನ ವೇಳೆಯ ಸ್ವಯಂಸೇವಕರಾದುದರಿಂದ ಈ ಕೆಲಸ ಮುಂದೆ ಮುಂದೆ ಹೋಗುವುದು ಸಹಜ.

ಮುಂದೂಡಿದರೆ ಏನಾಗಬಹುದೆಂಬುದಕ್ಕೆ 2009ರ ಅಕ್ಟೋಬರ್ ಸಾಕ್ಷಿ. ಲಕ್ಷಾಂತರ ಜನರ ಉಚಿತ ಪುಟಗಳಿಗೆ ಆಶ್ರಯವಾಗಿದ್ದ ಜಿಯೋಸಿಟೀಸ್ ಆ ತಿಂಗಳು ಬಾಗಿಲು ಮುಚ್ಚಿತು. ನಾವು ನೆಲೆಸಿರುವ ಆಸ್ಟ್ರೇಲಿಯಾ ಈ ವಿಷಯದಲ್ಲಿ ಮೊದಲೇ ಎಚ್ಚೆತ್ತ ದೇಶ. ಇಲ್ಲಿನ ರಾಷ್ಟ್ರೀಯ ಗ್ರಂಥಾಲಯ 1996ರಲ್ಲಿಯೇ ‘ಪಂಡೋರಾ’ ಎಂಬ ಜಾಲಸಂಗ್ರಹವನ್ನು ಆರಂಭಿಸಿತು. ಗ್ರಂಥಾಲಯಕ್ಕೆ ಪ್ರತಿ ಸಲ್ಲಿಸುವ ಕಾನೂನನ್ನು 2016ರಲ್ಲಿ ವಿದ್ಯುನ್ಮಾನ ಪ್ರಕಟಣೆಗಳಿಗೂ ವಿಸ್ತರಿಸಲಾಯಿತು. ಆದರೆ ಸಂಗ್ರಹಾಲಯ ಪುಟವನ್ನು ಇದ್ದಂತೆಯೇ ಕಾಯ್ದಿಡುತ್ತದೆ. ಹಳೆಯ ಫಾಂಟಿನ ಗೋಜಲು ಅಲ್ಲಿಯೂ ಗೋಜಲಾಗಿಯೇ ಉಳಿಯುತ್ತದೆ. ಅದನ್ನು ಓದುವ ಕನ್ನಡವಾಗಿಸುವವರು ನಾವೇ.

ನಾರ್ವೆಸ್ಟ್‌ನಿಂದ ಮೆಲ್ಬೋರ್ನ್‌ವರೆಗೆ ನಮ್ಮವರ ಮನೆಗಳ ಹಳೆಯ ಗಣಕಗಳಲ್ಲಿ, ಸಿ.ಡಿ.ಗಳಲ್ಲಿ ಇಂತಹ ಕಡತಗಳು ಇದ್ದರೆ, ಅವು ಈ ನಾಡಿಗೆ ಬಂದ ಮೊದಲ ಪೀಳಿಗೆಯವರು ತಮ್ಮ ಬದುಕನ್ನು ತಮ್ಮ ನುಡಿಯಲ್ಲಿ ಬರೆದಿಟ್ಟ ದಾಖಲೆಗಳು. ಮೂಲ ಕಡತವನ್ನು ಅಳಿಸದೆ ಇರಿಸಿ, ಅದರ ಯೂನಿಕೋಡ್ ಪ್ರತಿಯೊಂದನ್ನು ಮಾಡಿ, ಬರೆದವರು ಇರುವಾಗಲೇ ಅವರಿಂದ ಒಮ್ಮೆ ಓದಿಸಿ ತಿದ್ದಿಸೋಣ. ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು. ನಮಗೆ ಸದ್ಯ ಬೇಕಾಗಿರುವುದು ಒಂದೊಂದೇ ಒಳ್ಳೆಯ ಪ್ರತಿ.