ವರ್ತನೆಯಿಂದ ರೇಖೆಗೆ: ಬಾದಾಮಿ ಮತ್ತು ಲೇಪಾಕ್ಷಿಯ ಚಿತ್ರಗಳಲ್ಲಿ ಮಾನವಾಕೃತಿ

ದಕ್ಷಿಣ ಭಾರತದ ಭಿತ್ತಿಚಿತ್ರಗಳ ಚರಿತ್ರೆಯನ್ನು ಅಜಂತಾದ ಶಿಖರದಿಂದ ಇಳಿಯುತ್ತ ಬಂದ ಕಥೆಯಾಗಿ ಹೇಳುವ ರೂಢಿಯೊಂದು ಬೆಳೆದಿದೆ. ದುಂಡಾಗಿದ್ದ ಮೈ ಚಪ್ಪಟೆಯಾಯಿತು, ಮೃದುವಾಗಿದ್ದ ಮುಖ ಚೂಪಾಯಿತು ಎಂಬುದು ಆ ವಾದದ ಸಾರ. 6ನೇ ಶತಮಾನದ ಬಾದಾಮಿಯನ್ನೂ 16ನೇ ಶತಮಾನದ ಲೇಪಾಕ್ಷಿಯನ್ನೂ ಜೊತೆಗಿಟ್ಟು ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಚಿತ್ರಕಾರರ ಕೈ ಸೋತಿರಲಿಲ್ಲ. ಮಾನವಾಕೃತಿ ಹೊರಬೇಕಾದ ಹೊಣೆ ಬೇರೆಯಾಗಿತ್ತು.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗವು ರೇಖೆ ಮತ್ತು ವರ್ತನೆ ಎರಡನ್ನೂ ಚಿತ್ರದ ಗುಣಗಳೆಂದು ಎಣಿಸುತ್ತದೆ. ಛಾಯೆಯ ಏರಿಳಿತದಿಂದ ಮೈಗೆ ಉಬ್ಬುತಗ್ಗು ತರುವುದು ವರ್ತನೆ. ಆಚಾರ್ಯರು ಮೆಚ್ಚುವುದು ರೇಖೆಯನ್ನು, ವಿಚಕ್ಷಣರು ಮೆಚ್ಚುವುದು ವರ್ತನೆಯನ್ನು ಎಂಬುದು ಅದರ ನಿಲುವು. ಅಂದರೆ ಶಾಸ್ತ್ರದ ಮಟ್ಟದಲ್ಲಿ ರೇಖೆ ಎಂದೂ ಕೀಳಾಗಿರಲಿಲ್ಲ.

ಬಾದಾಮಿಯ ಮೂರನೇ ಗುಹೆಯನ್ನು ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ವಿಷ್ಣುವಿಗೆ ಅರ್ಪಿಸಿದ. ಅದರ ಕಪೋತದ, ಅಂದರೆ ಮುಂಚಾಚಿದ ಸೂರಿನ, ಒಳಮೈಯಲ್ಲಿ ಉಳಿದಿರುವ ತುಣುಕುಗಳಲ್ಲಿ ಅರಮನೆಯ ನೃತ್ಯ, ವಾದ್ಯಗಾರ್ತಿಯರು, ವಿರಾಮವಾಗಿ ಕುಳಿತ ರಾಜಪುರುಷ ಕಾಣುತ್ತಾರೆ. ಇಲ್ಲಿ ವರ್ತನೆಯದೇ ಮೇಲುಗೈ. ಓರೆಯಾಗಿ ತಿರುಗಿದ ಮುಖ, ಬಾಗಿದ ಕತ್ತು, ಅಂಚಿಗೆ ಗಾಢವಾಗುವ ಮೈಬಣ್ಣ ಇವೇ ಭಾವವನ್ನು ಹೇಳುತ್ತವೆ.

ನಡುವಿನ ಕಾಲಕ್ಕೆ ಕನ್ನಡ ನಾಡಿನಲ್ಲೇ ಎರಡು ಸಾಕ್ಷ್ಯಗಳಿವೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ವು ಗೋಡೆಯ ಹದ, ವಜ್ರಲೇಪವೆಂಬ ಅಂಟು, ಅಂಗಾಂಗಗಳ ಅಳತೆಗಳನ್ನು ವಿವರಿಸುತ್ತದೆ, ನೇರ ನೋಟದ ಋಜುವಿನಿಂದ ಹಿಡಿದು ಆಕೃತಿಯ ನಿಲುವುಗಳನ್ನೂ ವಿಂಗಡಿಸುತ್ತದೆ. ಅದೇ ಶತಮಾನದವೆನ್ನಲಾದ ಮೂಡುಬಿದಿರೆಯ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳಲ್ಲಿ ತೀರ್ಥಂಕರರೂ ಯಕ್ಷಿಯರೂ ಭಕ್ತರೂ ಇದ್ದಾರೆ. ಕಿರಿದಾದ ಗರಿಯ ಮೇಲೆ ಛಾಯೆಗಿಂತ ಖಚಿತ ಹೊರಗೆರೆಯೇ ಆಕೃತಿಯನ್ನು ಹಿಡಿದು ನಿಲ್ಲಿಸುತ್ತದೆ.

ಇಂದಿನ ಆಂಧ್ರಪ್ರದೇಶದಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ವಿಜಯನಗರದ ಅರಸ ಅಚ್ಯುತದೇವರಾಯನ ಕಾಲದಲ್ಲಿ ವಿರುಪಣ್ಣ, ವೀರಣ್ಣ ಸೋದರರು ಬೆಳೆಸಿದರು. ಅಲ್ಲಿನ ಮಂಟಪದ ಛಾವಣಿಯಲ್ಲಿ ಪಾರ್ವತೀಪರಿಣಯ, ಕಿರಾತಾರ್ಜುನೀಯ, ದ್ರೌಪದೀ ಸ್ವಯಂವರಗಳು ತೊಲೆಗಳ ನಡುವಿನ ಉದ್ದ ಪಟ್ಟಿಗಳಲ್ಲಿ ಸಾಗುತ್ತವೆ. ಕಾವಿ, ಹಳದಿ, ಹಸಿರು, ಬಿಳಿ ಬಣ್ಣಗಳನ್ನು ಸಮತಟ್ಟಾಗಿ ತುಂಬಿ ಕಪ್ಪು ಗೆರೆಯಿಂದ ಕಟ್ಟಲಾಗಿದೆ. ಕೆಳಗೆ ನಡೆಯುತ್ತ ತಲೆಯೆತ್ತಿ ನೋಡುವ ಭಕ್ತನಿಗೆ ಎತ್ತರದ ಸೂಕ್ಷ್ಮ ಛಾಯೆ ಕಾಣದು. ಪಕ್ಕನೋಟದ ಮುಖ, ಚೂಪು ಮೂಗು, ಅಗಲ ಕಣ್ಣು, ಕೈಯ ಮುದ್ರೆ ಥಟ್ಟನೆ ತಿಳಿಯುತ್ತವೆ. ಪಕ್ಕನೋಟ ಕಥೆಗೆ ದಿಕ್ಕನ್ನೂ ಕೊಡುತ್ತದೆ: ಒಬ್ಬರ ಹಿಂದೊಬ್ಬರು ನಿಂತವರನ್ನು ಅನುಸರಿಸಿದರೆ ಪ್ರಸಂಗ ತಾನೇ ಮುಂದುವರಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಉಡುಪು. ದಾನಿ ಸೋದರರೂ ಪರಿವಾರದವರೂ ಎತ್ತರದ ಕುಲ್ಲಾಯಿ ತೊಟ್ಟಿದ್ದಾರೆ. ವಿಜಯನಗರದ ಆಸ್ಥಾನವು ಇಸ್ಲಾಮೀ ಜಗತ್ತಿನ ಉಡುಪಿನ ಮಾದರಿಯಿಂದ ರೂಢಿಸಿಕೊಂಡ ಟೊಪ್ಪಿಗೆಯದು. ಸೀರೆಗಳ ಪಟ್ಟೆ, ಚೌಕಳಿ, ಅಂಚುಗಳು ಒಂದೊಂದೂ ಬೇರೆ. ಬಾದಾಮಿಯಲ್ಲಿ ಮೈ ಹೇಳುತ್ತಿದ್ದುದನ್ನು ಇಲ್ಲಿ ವಸ್ತ್ರ ಹೇಳುತ್ತದೆ. ವ್ಯಕ್ತಿಯ ಸ್ಥಾನ, ಆಸ್ಥಾನ, ಕಾಲ ಎಲ್ಲವೂ ಅದರಲ್ಲಿ ದಾಖಲಾಗಿವೆ. ಇಂಥ ವಿವರ ಸ್ಪಷ್ಟವಾಗಿ ನಿಲ್ಲಬೇಕಾದರೆ ಸಮತಲ ಬಣ್ಣವೂ ಗಟ್ಟಿ ಗೆರೆಯೂ ಬೇಕೇ ಬೇಕು.

ಆದ್ದರಿಂದ ಬಾದಾಮಿಯ ಅಳತೆಗೋಲಿನಿಂದ ಲೇಪಾಕ್ಷಿಯನ್ನು ಅಳೆಯುವುದು ಸಲ್ಲದು. ಒಂದು ಆಕೃತಿಯ ಬೆಲೆ ಕಟ್ಟುವ ಮುನ್ನ ಅದು ಎಲ್ಲಿದೆ, ಎಷ್ಟು ದೂರದಿಂದ ಯಾರು ನೋಡುವುದಕ್ಕೆ ಬರೆದದ್ದು, ಯಾರ ಗೌರವವನ್ನು ಸಾರಬೇಕಿತ್ತು ಎಂದು ಕೇಳಬೇಕು. ಹಾಗೆ ಕೇಳಿದಾಗ ವಿಜಯನಗರದ ರೇಖೆ ತನ್ನ ನೆಲೆಯಲ್ಲಿ ಪರಿಪೂರ್ಣವಾದ ಆಯ್ಕೆಯೆಂದು ತಿಳಿಯುತ್ತದೆ.